ಎರಡು ಸಲ ಹೇಳುವ ಕಥೆ

ವಿದ್ಯಾರ್ಥಿನಿಯರ ವಸತಿ ನಿಲಯ,
ಕಲಬುರಗಿ
೧೮ ಜುಲೈ ೧೯೯೫

ಪೂಜ್ಯ ಜಯತೀರ್ಥಬುವಾ ಅವರಿಗೆ ಸಾವಿತ್ರಿಬಾಯಿಯ ನಮಸ್ಕಾರಗಳು.

ನಾನು ಯಾರೆಂದು ತಮಗೆ ಗೊತ್ತಿರಲಾರದು. ಮೊನ್ನೆ ಆಷಾಢ ಏಕಾದಶಿಯ ಸಂಜೆ ಕಮಲಾಪುರದ ವಿಠ್ಠಲನ ಗುಡಿಯಲ್ಲಿ ತಮ್ಮ ಕೀರ್ತನೆ ಕೇಳಿದವರಲ್ಲಿ ನಾನೂ ಒಬ್ಬಳು. ಮುಂದೆ ಕೂತವರಲ್ಲಿ ಅಲ್ಲ. ಹಿಂದೆ, ಅಂಗಳದ ಕೊನೆಗೆ, ಬೇವಿನ ಗಿಡದ ಹತ್ತಿರ ಕೂಡುವ ಹೆಣ್ಣುಮಕ್ಕಳ ನಡುವೆ.

ನಮ್ಮ ಮನೆ ಇರುವುದು ತಾಜಸುಲ್ತಾನಪುರದಲ್ಲಿ. ನನ್ನ ಸೋದರತ್ತೆ ಹಣಮಮ್ಮನನ್ನು ಕಮಲಾಪುರಕ್ಕೆ ಕೊಟ್ಟಿದ್ದಾರೆ. ಚಿಕ್ಕವಳಿದ್ದಾಗ ಸಾಲಿ ಸೂಟಿ ಬಿಟ್ಟರೆ ನಾನು ಅತ್ತೆಯ ಮನೆಗೆ ಓಡುತ್ತಿದ್ದೆ. ಏಕಾದಶಿ ಬಂದರೆ ಅತ್ತೆ ನನ್ನನ್ನು ಬಗಲಲ್ಲಿ ಎತ್ತಿಕೊಂಡು ತಮ್ಮ ಕಥೆಗೆ ಬರುತ್ತಿದ್ದಳು. ನಮ್ಮದು ಬೌದ್ಧರ ಮನೆ. ಅಪ್ಪನಿಗೆ ಗೊತ್ತಾದರೆ ಮುಖ ಗಂಟು ಹಾಕಿಕೊಂಡು, "ದೀಕ್ಷಾ ತಗೊಂಡ ಮ್ಯಾಲ ಕೀರ್ತನಿ ಯಾಕ ಬೇಕಕ್ಕಾ?" ಅನ್ನುತ್ತಿದ್ದ. "ಕಥಿ ಕೇಳಿದ್ರ ಪೂಜಾ ಮಾಡಿದಂಗ ಆಯ್ತೇನೋ ಮಾಪಣ್ಣಾ?" ಎಂದು ಅತ್ತೆ ಅವನ ಬಾಯಿ ಮುಚ್ಚಿಸುತ್ತಿದ್ದಳು.

ಈಗ ನಾನು ಇಲ್ಲಿ ತೌಲನಿಕ ಸಾಹಿತ್ಯದಲ್ಲಿ ಎಂ.ಫಿಲ್. ಮಾಡುತ್ತಿದ್ದೇನೆ. ಎರಡು ಭಾಷೆಯ ಸಾಹಿತ್ಯವನ್ನು ಅಕ್ಕಪಕ್ಕ ಇಟ್ಟು ಓದುವ ವಿದ್ಯೆ ಇದು. ನನ್ನ ಜೊತೆಯವರೆಲ್ಲ ಎರಡೆರಡು ದಪ್ಪ ಕಾದಂಬರಿ ಆರಿಸಿಕೊಂಡಿದ್ದಾರೆ. ನಾನು ಗ್ರಂಥಾಲಯದಲ್ಲಿ ಕಪಾಟು ಕಪಾಟು ಅಲೆದು ಬಂದೆ, ಯಾವುದೂ ಮನಸ್ಸಿಗೆ ಹತ್ತಲಿಲ್ಲ. ಮೊನ್ನೆ ತಾವು ರಂಗೂ ಎಂಬ ಸೊಸೆಯ ಕಥೆಯನ್ನು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೇಳುವುದನ್ನು ಎಷ್ಟೋ ವರ್ಷದ ಮೇಲೆ ಕೇಳಿದಾಗ ನನಗೆ ಮೈ ಜುಂ ಅಂದಿತು. ಒಂದೇ ಸಂಜೆ, ಒಂದೇ ಬಾಯಿ, ಎರಡು ಭಾಷೆ! ನಾನು ಹುಡುಕುತ್ತಿದ್ದದ್ದು ಚಿಕ್ಕಂದಿನಿಂದ ನನ್ನ ಕಿವಿಯಲ್ಲೇ ಇತ್ತು.

ತಾವು ಒಪ್ಪಿದರೆ ಮುಂದಿನ ಏಕಾದಶಿಗೆ ಟೇಪ್ ರೆಕಾರ್ಡರ್ ತಂದು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತೇನೆ. ನಮ್ಮ ಗೈಡ್ ಖಮರುದ್ದೀನ್ ಸರ್ ತಮ್ಮ ಸ್ವಂತ ಯಂತ್ರ ಕೊಡುತ್ತೇನೆ ಎಂದಿದ್ದಾರೆ. ತಮ್ಮಂಥವರ ಮುಂದೆ ಕೇಳಲು ಧೈರ್ಯ ಸಾಲದೆ ಪತ್ರ ಬರೆದೆ.

ತಮ್ಮ,
ಸಾವಿತ್ರಿಬಾಯಿ


ಕಮಲಾಪುರ
೨೯ ಜುಲೈ ೧೯೯೫

ಕುಮಾರಿ ಸಾವಿತ್ರಿಬಾಯಿ ಅವರಿಗೆ ಜಯತೀರ್ಥನ ಆಶೀರ್ವಾದಗಳು.

ನಿಮ್ಮ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ನನ್ನ ಹೆಂಡತಿ ಇಂದೂಬಾಯಿ "ಇನ್ನೊಮ್ಮೆ ಓದ್ರಿ" ಅಂದಳು. ನನ್ನ ಯಾವ ವಿಷಯವನ್ನಾದರೂ ಅವಳು ಇನ್ನೊಮ್ಮೆ ಕೇಳಬಯಸಿದ್ದು ನಮ್ಮ ಸಂಸಾರದಲ್ಲಿ ಇದೇ ಮೊದಲು. ಆ ಉಪಕಾರಕ್ಕೇ ನಿಮಗೆ ಪರವಾನಗಿ ಕೊಟ್ಟಿದ್ದೇನೆ, ಬನ್ನಿ.

ಆದರೆ ತೌಲನಿಕ ಎಂಬ ಮಾತು ಕೇಳಿ ಗಾಬರಿಯಾಯಿತು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಬೆಲ್ಲದ ಅಂಗಡಿಯವನ ಹಾಗೆ ನನ್ನನ್ನು ತಕ್ಕಡಿಯಲ್ಲಿ ಇಟ್ಟು ತೂಗುವವರೋ ನೀವು? ತೂಗಿ ಸಿಗುವುದೇನು? ಮರಾಠಿ ನನ್ನ ಗುರುಗಳ ಭಾಷೆ. ಅವರು ಮರಾಠಿ ಬಿಟ್ಟು ಬೇರೆ ನುಡಿದವರಲ್ಲ. ನಾನು ತಹಸೀಲ ಕಚೇರಿಯ ಗುಮಾಸ್ತನಾಗಿ ಈ ಊರಿಗೆ ಬಂದ ಹೊಸತರಲ್ಲಿ ಗುರುಗಳ ಕಥೆಯನ್ನು ಅವರು ಹೇಳಿದ ಹಾಗೇ ಹೇಳಿದೆ. ಹಿಂದೆ ಕೂತವರು ಆಕಳಿಸಿದರು. ಪಾಪ, ತಿಳಿಯಲಿಲ್ಲವೇನೋ ಎಂದು ಅದನ್ನೇ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದೆ. ಅಂದಿನಿಂದ ಹಾಗೇ ನಡೆದುಕೊಂಡು ಬಂದಿದೆ. ಅದೇ ಕಥೆ, ಅದೇ ರಂಗೂ. ಮಾತು ಬೇರೆ, ಅಷ್ಟೇ.

ನನ್ನ ಷರತ್ತುಗಳು: ನಿಮ್ಮ ಯಂತ್ರ ವಿಠ್ಠಲನಿಗೂ ನನಗೂ ನಡುವೆ ಇರಬಾರದು. "ಬುವಾ, ಆ ಸಾಲು ಇನ್ನೊಮ್ಮೆ" ಎಂದು ಕಥೆಯ ನಡುವೆ ಕೈ ಎತ್ತಬಾರದು. ಮರುದಿನ ದ್ವಾದಶಿಯ ಊಟ ನಮ್ಮಲ್ಲಿ ಆಗಬೇಕು, ಇದು ಇಂದೂಬಾಯಿಯ ಷರತ್ತು. ಉಳಿದೆರಡನ್ನು ಮುರಿದರೂ ನಡೆದೀತು, ಇದನ್ನು ಮುರಿದರೆ ನನಗೆ ಮನೆಯಲ್ಲಿ ಉಳಿಗಾಲವಿಲ್ಲ.

ಜಯತೀರ್ಥ


ಕಲಬುರಗಿ
೧೪ ಆಗಸ್ಟ್ ೧೯೯೫

ಪೂಜ್ಯ ಬುವಾ ಅವರಿಗೆ ನಮಸ್ಕಾರಗಳು.

ಇಂದೂಬಾಯಿ ಕಾಕೂ ಅವರು ಪಡಸಾಲೆಯಲ್ಲಿ ಎಲೆ ಹಾಕಿ ಬಡಿಸಿದ ಊಟದ ರುಚಿ ಇನ್ನೂ ಬಾಯಲ್ಲಿದೆ. ಅವರು ಕಟ್ಟಿಕೊಟ್ಟ ಕೆಂಪು ಬಾಳೆಹಣ್ಣು ಹಾಸ್ಟೆಲ್ ಮುಟ್ಟುವುದರೊಳಗೆ ಖಾಲಿಯಾದವು. ಅರ್ಧ ಬಸ್ಸಿನಲ್ಲಿ ನಾನೇ ತಿಂದೆ ಎಂದು ಅವರಿಗೆ ಹೇಳಬೇಡಿ.

ಕ್ಯಾಸೆಟ್ಟಿನ ಒಂದು ಬದಿ ಮರಾಠಿ, ಇನ್ನೊಂದು ಬದಿ ಕನ್ನಡ. ಧ್ವನಿ ಚೆನ್ನಾಗಿ ಬಂದಿದೆ. ನನ್ನ ಕೋಣೆಯ ಗೆಳತಿ ಜುಬೇದಾ ಚಿತ್ತಾಪುರದವಳು, ಲೆಕ್ಕ ಓದುವವಳು, ಕಥೆ ಅಂದರೆ ಮಾರು ದೂರ. ಅವಳೇ ಈಗ ಓದು ಬಿಟ್ಟು ಬಂದು ಕೂಡುತ್ತಾಳೆ. ಮೊದಲು ಮರಾಠಿ ಬದಿ ಹಾಕಿ ಅವಳಿಗೆ ಅರ್ಥ ಹೇಳುತ್ತಾ ಹೋದೆ. ಬೇಸಿಗೆಯ ದಿನ. ಪೂಜೆಗೆಂದು ಅತ್ತೆ ತೆಗೆದಿಟ್ಟ ನೀರನ್ನು ರಂಗೂ ಬಾಗಿಲಿಗೆ ಬಂದ ಮುದುಕನಿಗೆ ಕೊಡುತ್ತಾಳೆ. ಅತ್ತೆ ಸಿಟ್ಟಾಗಿ ಅವಳನ್ನು ಹೊರಗೆ ಹಾಕಿ ಬಾಗಿಲು ಮುಚ್ಚುತ್ತಾಳೆ. ರಂಗೂ ಸುಡು ಬಿಸಿಲಲ್ಲಿ ಬರಿಗಾಲಲ್ಲಿ ನಿಂತೇ ಇರುತ್ತಾಳೆ. ಹೊತ್ತು ಮುಳುಗುವಾಗ ಆ ಮುದುಕ ದೇವರಾಗಿ ಬಂದು, ಏನು ವರ ಬೇಕು ಕೇಳು ಅನ್ನುತ್ತಾನೆ. ರಂಗೂ ಅವನ ಪಾದಕ್ಕೆ ಬೀಳುತ್ತಾಳೆ, ಮಾತೇ ಹೊರಡುವುದಿಲ್ಲ. ಆ ಮೌನದ ಮೇಲೆ ತಾವು ಸುಮ್ಮನೆ ತಾಳ ಹಾಕುತ್ತಾ ಹೋಗುತ್ತೀರಲ್ಲ, ಅಲ್ಲಿ ಇಬ್ಬರೂ ಅತ್ತೆವು. ಅಳು ಬರಿಸಲು ಒಂದು ಮಾತೂ ಬೇಕಾಗಲಿಲ್ಲ ತಮಗೆ! ದೊಡ್ಡ ದೊಡ್ಡ ಲೇಖಕರನ್ನು ಓದುತ್ತಿದ್ದೇನೆ, ಎಲ್ಲಿ ಸುಮ್ಮನಾಗಬೇಕು ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ಎರಡೂ ಬದಿ ಕೇಳಿದ ಮೇಲೆ ಒಂದು ಸಂಗತಿ ನನ್ನ ಗಮನಕ್ಕೆ ಬಂದಿದೆ. ಅದನ್ನು ಹೇಗೆ ಬರೆಯಲಿ ಎಂದು ತಿಳಿಯುತ್ತಿಲ್ಲ. ಸರ್ ಜೊತೆ ಮಾತಾಡಿ ಇನ್ನೊಮ್ಮೆ ಬರೆಯುತ್ತೇನೆ.

ತಮ್ಮ,
ಸಾವಿತ್ರಿ


ಕಮಲಾಪುರ
೨ ಸೆಪ್ಟೆಂಬರ್ ೧೯೯೫

ಚಿರಂಜೀವಿ ಸಾವಿತ್ರಿಗೆ ಆಶೀರ್ವಾದ.

ಇನ್ನು ನಿನಗೆ ನೀವು ಅನ್ನಲಾರೆ, ನಮ್ಮ ಮನೆಯ ಹಣ್ಣು ಬಸ್ಸಿನಲ್ಲಿ ಕದ್ದು ತಿಂದವಳಿಗೆ ಎಂಥ ಬಹುವಚನ! ನಿನ್ನ ಪತ್ರ ಇಂದೂಬಾಯಿಯ ಮುಂದೆ ಓದಿದೆ, ಹೊಗಳಿಕೆ ಇದ್ದಲ್ಲೆಲ್ಲ ನಿಧಾನವಾಗಿ ಓದಿದೆ.

ನಿನ್ನ ಆ ಸಂಗತಿ ಹಾಗಿರಲಿ. ಇಲ್ಲಿ ಬೇರೊಂದು ಎದ್ದಿದೆ. ಗುಡಿ ಕಮಿಟಿಯ ಕಲ್ಯಾಣಪ್ಪ ಮೊನ್ನೆ ಮನೆಗೆ ಬಂದಿದ್ದ. ಬಟ್ಟೆ ಅಂಗಡಿಯವನು, ಗುಡಿಗೆ ನೆಲ ಹಾಕಿಸಿದವನು. ಕೆಟ್ಟವನಲ್ಲ. "ಬುವಾ, ತಪ್ಪು ತಿಳಕೋಬ್ಯಾಡ್ರಿ. ಒಂದೇ ಕಥಿ ಎರಡು ಸಲ ಯಾಕ್ರಿ? ಈಗ ಮನಿಮನಿಗಿ ಟಿವಿ ಬಂದಾವ, ಮಂದಿಗಿ ಕುಂಡ್ರಾಕ ಪುರಸೊತ್ತಿಲ್ಲ. ಒಂದು ಭಾಷಾದಾಗ ಹೇಳಿ ಒಂಬತ್ತಕ್ಕ ಮಂಗಳಾರತಿ ಮುಗಸೂಣು" ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನಿದೆ?

ಅವನು ಹೋದ ಮೇಲೆ ಹಿತ್ತಲಲ್ಲಿ ಕೂತು ಎರಡನ್ನೂ ಮನಸ್ಸಿನಲ್ಲೇ ಗುನುಗಿಕೊಂಡೆ. ಯಾವುದನ್ನು ಬಿಡಲೂ ಜೀವ ಒಪ್ಪಲಿಲ್ಲ. ಮರಾಠಿ ಬಿಟ್ಟರೆ ಗುರುಗಳನ್ನು ಬಿಟ್ಟ ಹಾಗೆ. ಕನ್ನಡ ಬಿಟ್ಟರೆ... ಯಾಕೋ ಹೇಳಲಾರೆ, ಕನ್ನಡದಲ್ಲಿ ಹೇಳಿ ಮುಗಿಸಿದ ದಿನ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ. ನಗಬೇಡ.

ನೀನು ತೂಗುವ ವಿದ್ಯೆ ಕಲಿತವಳು. ಎರಡೂ ನಿನ್ನ ಹತ್ತಿರ ಇವೆ. ಯಾವುದು ಇರಲಿ, ಯಾವುದು ಹೋಗಲಿ, ನೀನೇ ಹೇಳು. ನಿನ್ನ ಮಾತಿನ ಹಾಗೆ ಕಲ್ಯಾಣಪ್ಪನಿಗೆ ತಿಳಿಸುತ್ತೇನೆ.

ಜಯತೀರ್ಥ


ಕಲಬುರಗಿ
೧೧ ಸೆಪ್ಟೆಂಬರ್ ೧೯೯೫

ಪೂಜ್ಯ ಬುವಾ,

ದಯವಿಟ್ಟು ಯಾವುದನ್ನೂ ಬಿಡಬೇಡಿ. ಅವು ಒಂದೇ ಕಥೆ ಅಲ್ಲ!

ಇದೇ ನಾನು ಬರೆಯಲು ಹಿಂಜರಿದ ಸಂಗತಿ. ಮರಾಠಿ ಬದಿ ಮುಗಿದಾಗ ಜುಬೇದಾ ಕೇಳಿದಳು, "ಅಷ್ಟು ಹೊತ್ತು ಬಿಸಲಾಗ ನಿಂತಾಕಿ ಒಂದು ಮಾತೂ ಅನಲಿಲ್ಲೇನು?" ನನಗೆ ನೆನಪಿದ್ದ ರಂಗೂ ಮಾತಾಡಿದ್ದಳು. ಕ್ಯಾಸೆಟ್ ತಿರುವಿ ಹಾಕಿದೆ. ಕನ್ನಡದಲ್ಲಿ ದೇವರು ವರ ಕೇಳು ಅಂದಾಗ ರಂಗೂ ಪಾದಕ್ಕೆ ಬೀಳುವುದಿಲ್ಲ. ತಲೆ ಎತ್ತಿ ಅನ್ನುತ್ತಾಳೆ: "ನೀರು ಕುಡದು ನೀ ನೆರಳಿಗಿ ಹೋದಿ. ನಾ ಬಿಸಲಾಗ ನಿಂತೆ. ಈಗ ಬಿಸಲು ಇಳದ ಮ್ಯಾಲ ವರಾ ಕೊಡಾಕ ಬಂದಿಯೇನಪಾ? ಮಧ್ಯಾಹ್ನ ಬಂದು ಬಾಗಿಲಾ ಬಡೀಬೇಕಿತ್ತು." ಮರುದಿನ ದೇವರೇ ಹೋಗಿ ಬಿಸಿಲಲ್ಲಿ ನಿಲ್ಲುತ್ತಾನೆ.

ಬುವಾ, ತಾವು ಇದನ್ನು ಬೇಕೆಂದು ಮಾಡಿದ್ದಲ್ಲ ಎಂದು ನನಗೆ ಗೊತ್ತು, "ಅದೇ ಕಥೆ" ಎಂದು ತಾವೇ ಬರೆದಿರಿ. ಅದಕ್ಕೇ ಇದು ಇನ್ನೂ ದೊಡ್ಡದು. ಕೃತಿಯ ಅರ್ಥ ಹೇಳುವವನೊಬ್ಬನ ಕೈಯಲ್ಲಿ ಇಲ್ಲ, ಕೇಳುವವರೂ ಅದನ್ನು ಕಟ್ಟುತ್ತಾರೆ ಎಂದು ನಮಗೆ ತರಗತಿಯಲ್ಲಿ ಪಾಠವಿದೆ. ನಾನು ಅದನ್ನು ಪರೀಕ್ಷೆಗೆ ಓದಿದ್ದೆ. ತಮ್ಮ ಕ್ಯಾಸೆಟ್ಟಿನಲ್ಲಿ ಅದನ್ನು ಕಿವಿಯಾರೆ ಕೇಳಿದೆ. ಮುಂದೆ ಕೂತ ಮರಾಠಿ ಮನೆತನದವರಿಗೆ ಸುಮ್ಮನಿರುವ ರಂಗೂ ಬೇಕು. ಹಿಂದೆ ಕೂತ ಕೂಲಿಯ ಹೆಣ್ಣುಮಕ್ಕಳಿಗೆ ಎದುರು ಮಾತಾಡುವ ರಂಗೂ ಬೇಕು. ಎರಡು ಪ್ರೇಕ್ಷಕ ವರ್ಗ, ಎರಡು ಪಠ್ಯ, ನಡುವೆ ತಾವು. ಇದೇ ನನ್ನ ಪ್ರಬಂಧದ ಮುಖ್ಯ ಅಧ್ಯಾಯ. ಖಮರುದ್ದೀನ್ ಸರ್ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿ, "ಬೇಟಾ, ಈ ಬುವಾ ಇಬ್ಬರಿದ್ದಾರ, ಒಬ್ಬರಲ್ಲ" ಎಂದರು. ಅವರ ಬಾಯಲ್ಲಿ ಅಷ್ಟು ಹೊಗಳಿಕೆ ನಾನು ಕೇಳಿಲ್ಲ.

ಕಲ್ಯಾಣಪ್ಪನವರಿಗೆ ಈ ಪತ್ರ ತೋರಿಸಿ. ಒಂದೇ ಕಥೆ ಎರಡು ಸಲ ಅಲ್ಲ ಎಂದು ತಿಳಿದರೆ ಅವರು ಇನ್ನೊಂದು ಮಾತಾಡಲಾರರು.

ತಮ್ಮ ಅಭಿಮಾನಿ,
ಸಾವಿತ್ರಿ


ಕಮಲಾಪುರ
೧೪ ಅಕ್ಟೋಬರ್ ೧೯೯೫

ಸಾವಿತ್ರಿಬಾಯಿ ಅವರಿಗೆ,

ಉತ್ತರ ತಡವಾಯಿತು. ನನ್ನ ತಪ್ಪು ತೋರಿಸಿಕೊಟ್ಟದ್ದಕ್ಕೆ ನಿಮಗೆ ಋಣಿ. ಗುರುಗಳ ಕಥೆಯಲ್ಲಿ ರಂಗೂ ದೇವರಿಗೆ ಎದುರಾಡಿದವಳಲ್ಲ. ಕನ್ನಡದಲ್ಲಿ ಯಾವ ವರ್ಷದಿಂದ ಹಾಗೆ ಆಡತೊಡಗಿದಳೋ ನನಗೆ ಅರಿವಿಲ್ಲ. ಗುರುಗಳು ಕೊಟ್ಟದ್ದನ್ನು ಕೊಟ್ಟ ಹಾಗೆ ಮುಟ್ಟಿಸುತ್ತಿದ್ದೇನೆ ಎಂಬ ಒಂದು ಹೆಮ್ಮೆ ನನಗಿತ್ತು. ಅದು ಹೋಯಿತು.

ಈಗ ಎರಡನ್ನೂ ಬರೆದು, ಸಾಲಿಗೆ ಸಾಲು ಹೊಂದಿಸಿ ಬಾಯಿಪಾಠ ಮಾಡಿದ್ದೇನೆ. ಈ ತಿಂಗಳ ಏಕಾದಶಿಯಂದು ಎರಡು ಭಾಷೆಯಲ್ಲೂ ಒಂದೇ ರೀತಿ ಹೇಳಿದೆ. ಇನ್ನು ನಿಮಗೆ ತೂಗಲು ತೊಂದರೆ ಇಲ್ಲ. ಎರಡೂ ಒಂದೇ ಆದಮೇಲೆ ಎರಡು ಸಲ ಹೇಳುವುದು ನನಗೂ ಸರಿ ಕಾಣಲಿಲ್ಲ. ಕಾರ್ತಿಕ ಏಕಾದಶಿಯಿಂದ ಮರಾಠಿಯಲ್ಲಿ ಮಾತ್ರ ಎಂದು ಕಲ್ಯಾಣಪ್ಪನವರಿಗೆ ಒಪ್ಪಿಗೆ ಕೊಟ್ಟಿದ್ದೇನೆ.

ನಿಮ್ಮ ವಿದ್ಯೆ ಬೆಳೆಯಲಿ.

ಜಯತೀರ್ಥ

ಸಾವಿತ್ರೀ, ನಾ ಇಂದೂಬಾಯಿ. ಪೋಸ್ಟಿಗಿ ಹಾಕು ಅಂತ ನನ್ನ ಕೈಯಾಗ ಕೊಟ್ಟಾರ, ಕೆಳಗ ಜಾಗಾ ಉಳದಿತ್ತು, ಬರೀಲಾಕತ್ತೀನಿ. ಇವರಿಗಿ ಊಟ ಸೇರವಲ್ದು. ಹಿತ್ತಲದಾಗ ಕೂತು ಸಾಲಿ ಹುಡುಗನಂಗ ಬಾಯಿಪಾಠ ಮಾಡ್ತಾರ. ಈ ಸಲದ ಕಥಿ ನಾನೂ ಕೇಳಿದೆ, ಕಾಗದ ಓದಿದಂಗಿತ್ತು. ಹಿಂದ ಕೂತವರು ಮಂಗಳಾರತಿಗೂ ನಿಲ್ಲಲಿಲ್ಲ, ಎದ್ದು ಹೋದರು. ಇವರು ಹೊಳ್ಳಿ ಬಂದು ಗ್ವಾಡಿಗಿ ಮುಖಾ ಮಾಡಿ ಮಲಕೊಂಡರು. ನಿನಗ ಬೈಯ್ಯೂದಿಲ್ಲವ್ವಾ, ನೀ ಏನು ಬರದಿದ್ದಿ ಅನ್ನೂದು ನನಗ ತಿಳದದ. ಖರೇ ಅಂದ್ರ ಇವರಿಗಿ ತಿಳದಿಲ್ಲ. ಏನರೆ ಮಾಡು.


ಕಲಬುರಗಿ
೨೧ ಅಕ್ಟೋಬರ್ ೧೯೯೫

ಪೂಜ್ಯ ಬುವಾ,

ನಾನು ತಪ್ಪು ಎಂಬ ಮಾತು ಬರೆದೇ ಇಲ್ಲ. ತಾವು ಮಾಡಿದ ಅತಿ ದೊಡ್ಡ ಕೆಲಸ ಎಂದು ಕುಣಿದಾಡಿಕೊಂಡು ಬರೆದದ್ದನ್ನು ತಾವು ತಪ್ಪಿನ ಪಟ್ಟಿ ಎಂದು ಓದಿದಿರಿ. ತಮ್ಮನ್ನು ಬೈಯುವ ಹಾಗೂ ಇಲ್ಲ. ಪಠ್ಯ, ಪ್ರೇಕ್ಷಕ ವರ್ಗ ಎಂದು ಬರೆಯುವ ಬದಲು ನನ್ನ ಮನಸ್ಸಿನ ಮಾತು ಬರೆಯಬೇಕಿತ್ತು. ಈಗ ಬರೆಯುತ್ತೇನೆ.

ಹತ್ತನೆಯ ಇಯತ್ತೆ ಮುಗಿದಾಗ ನಮ್ಮ ಮನೆಯಲ್ಲಿ ನನಗೆ ಗಂಡು ನೋಡಿದ್ದರು. ದೊಡ್ಡವರೆಲ್ಲ ಪಡಸಾಲೆ ತುಂಬ ಕೂತಿದ್ದರು. "ಮುಂದ ಓದಸ್ತೇವಿ, ಲಗ್ನ ಆಗಲಿ" ಅಂದರು. ನಾನು ಬಾಗಿಲಲ್ಲಿ ನಿಂತು, "ಲಗ್ನ ಆದ ಮ್ಯಾಲ ಓದಸೂದು ಬ್ಯಾಡ, ಈಗ ಓದಸ್ರಿ" ಎಂದೆ. ಅಷ್ಟು ಮಂದಿಯ ಮುಂದೆ ನನ್ನ ದನಿ ನಡುಗಲಿಲ್ಲ. ಅಪ್ಪ, "ಆಕಿ ಹೇಳೂದು ಬರೋಬರಿ ಅದ" ಎಂದು ಬಂದವರನ್ನು ಕಳಿಸಿದ. ಅಂಥ ಧೈರ್ಯ ಎಲ್ಲಿಂದ ಬಂತು ಎಂದು ಎಷ್ಟೋ ಜನ ಕೇಳಿದ್ದಾರೆ. ದೇವರ ಮುಂದೆಯೇ ತಲೆ ಎತ್ತಿ ಮಾತಾಡಿದವಳ ಕಥೆ ಕೇಳಿ ಬೆಳೆದವಳು ನಾನು. ಆ ಕಥೆ ತಮ್ಮದು. ತಮ್ಮನ್ನು ನಾನು ಎಷ್ಟು ಗೌರವಿಸುತ್ತೇನೆ ಎಂಬುದಕ್ಕೆ ಇನ್ನು ಯಾವ ಶಾಸ್ತ್ರದ ಮಾತೂ ಬೇಡ.

ಕಾರ್ತಿಕ ಏಕಾದಶಿಗೆ ನಾನೇ ಬಂದು ಕಾಲು ಹಿಡಿಯುತ್ತಿದ್ದೆ. ಆದರೆ ಮರುದಿನವೇ ಇಲ್ಲಿ ನನ್ನ ಅಧ್ಯಾಯವನ್ನು ಪರೀಕ್ಷಕರ ಮುಂದೆ ಮಂಡಿಸಬೇಕು, ಹಾಸ್ಟೆಲ್ಲಿನಿಂದ ಬಿಡುವುದಿಲ್ಲ. ಒಂದೇ ಬೇಡಿಕೆ. ಕನ್ನಡದ ರಂಗೂವಿನ ಬಾಯಿ ಕಟ್ಟಬೇಡಿ. ನನ್ನ ಪ್ರಬಂಧಕ್ಕಾಗಿ ಕೇಳುತ್ತಿಲ್ಲ, ಅದು ಮುಳುಗಿದರೆ ಮುಳುಗಲಿ.

ಸಾವಿತ್ರಿ


ಕಮಲಾಪುರ
೫ ನವೆಂಬರ್ ೧೯೯೫

ಮಗಳೇ ಸಾವಿತ್ರಿ,

ನಿನ್ನ ಪತ್ರ ಬಂದದ್ದು ಏಕಾದಶಿಗೆ ನಾಲ್ಕಾರು ದಿನ ಮೊದಲು. ಓದಿ ಮಡಿಚಿಟ್ಟೆ. ಒಪ್ಪಿಕೊಂಡ ಮಾತು ಮುರಿಯಲಾರೆ ಎಂದು ಮನಸ್ಸು ಕಲ್ಲು ಮಾಡಿಕೊಂಡೆ. ಸಿಟ್ಟು ನಿನ್ನ ಮೇಲೆ ಇರಲಿಲ್ಲ, ನನ್ನ ಮೇಲೆ ನನಗೇ ಇತ್ತು. ಇನ್ನು ಮೊನ್ನೆ ಸಂಜೆ ಆದದ್ದು ಕೇಳು.

ಕಾರ್ತಿಕವಾದ್ದರಿಂದ ಅಂಗಳ ತುಂಬಿತ್ತು. ಹಿಂದಿನವರೂ ಬಂದಿದ್ದರು. ಯಾಕೆ ಬಂದರೋ, ಹೋದ ಸಲ ಮುನಿಸಿಕೊಂಡು ಎದ್ದವರು! ಪೂರ್ವರಂಗದ ಉಪದೇಶ ಮುಗಿಸಿ ಮರಾಠಿಯಲ್ಲಿ ರಂಗೂವಿನ ಕಥೆ ಹೇಳಿದೆ. ರಂಗೂ ಪಾದಕ್ಕೆ ಬಿದ್ದಳು, ಸುಮ್ಮನಾದಳು. ತಾಳ ಹಾಕಿ ಮುಗಿಸಿದೆ. ಕಲ್ಯಾಣಪ್ಪ ಮೈಕ್ ಬಂದ್ ಮಾಡಿ ಆರತಿಯ ತಟ್ಟೆ ತರಲು ಒಳಗೆ ಹೋದ.

ಯಾರೂ ಏಳಲಿಲ್ಲ. ಮೊದಲ ಸಾಲಿನಲ್ಲಿ ನಮ್ಮ ಊರಿನ ಸಕ್ಕೂಬಾಯಿ ಕೂತಿದ್ದಳು. ಮುದುಕಿ, ಪಕ್ಕಾ ಮರಾಠಿ ಮನೆತನ, ನನ್ನ ಗುರುಗಳ ಕಾಲದಿಂದ ಕೀರ್ತನೆ ಕೇಳಿದವಳು. ಗುರುಗಳ ಕಥೆ ಗುರುಗಳ ಭಾಷೆಯಲ್ಲಿ ಕೇಳಿ ಎಲ್ಲರಿಗಿಂತ ಸಂತೋಷ ಅವಳಿಗೇ ಆಗಬೇಕು, ಅಲ್ಲವೇ? ಅವಳು ನನ್ನ ಕಡೆ ನೋಡಿ, "ಬುವಾ, ತೀ ಅಜೂನ್ ಬೋಲಲೀಚ್ ನಾಹೀ" ಎಂದಳು. ಅವಳಿನ್ನೂ ಮಾತೇ ಆಡಿಲ್ಲ, ಎಂದು. ನಾನು ಮರಾಠಿಯಲ್ಲೇ, ಗುರುಗಳ ಕಥೆಯಲ್ಲಿ ಅವಳು ಮಾತಾಡುವುದಿಲ್ಲ ಸಕ್ಕೂಬಾಯಿ, ಅಂದೆ. "ಅದು ನನಗೆ ಗೊತ್ತು. ಇಲ್ಲಿ ಸುಮ್ಮನಿರುತ್ತಾಳೆ, ಕನ್ನಡದಲ್ಲಿ ಮಾತಾಡುತ್ತಾಳೆ. ಇಷ್ಟು ವರ್ಷ ಎರಡನೆಯದಕ್ಕೂ ಕೂತದ್ದು ಯಾಕೆ ಮತ್ತೆ? ಅರ್ಧ ಹೇಳಿ ಆರತಿ ಮಾಡುತ್ತೀರೇನು?" ಅಂದಳು. ಸುತ್ತಲಿನ ನಮ್ಮ ಹೆಣ್ಣುಮಕ್ಕಳೆಲ್ಲ ತಲೆ ಆಡಿಸಿದರು. ಅದರಲ್ಲಿ ಇಂದೂಬಾಯಿಯೂ ಇದ್ದಳು, ಎಲ್ಲರಿಗಿಂತ ಜೋರಾಗಿ.

ಸಾವಿತ್ರೀ, ನನಗೆ ನಾಚಿಕೆಯಾಯಿತು, ಸಂತೋಷವೂ ಆಯಿತು. ಅವರೆಲ್ಲ ಕನ್ನಡ ನುಡಿಯುವ ಊರಲ್ಲಿ ಹುಟ್ಟಿ ಬೆಳೆದವರು. ಮೊದಲನೆಯದು ತಮ್ಮದು, ಎರಡನೆಯದು ಹಿಂದಿನವರದು ಎಂದು ಅವರಲ್ಲಿ ಯಾರೂ ಎಣಿಸಿರಲಿಲ್ಲ. ಹಾಗೆ ಎಣಿಸಿದ್ದು ನಾವಿಬ್ಬರೇ, ನಾನು ಮತ್ತು ನೀನು.

ಕನ್ನಡದಲ್ಲಿ ಶುರು ಮಾಡಿದೆ. ಮೈಕ್ ಇಲ್ಲ. ಹಿಂದಿನಿಂದ "ಕೇಳಸವಲ್ದು ಬುವಾ!" ಎಂದು ಕೂಗಿದರು. ನನ್ನ ಗಂಟಲಿಗೆ ಈಗ ಅಷ್ಟು ಶಕ್ತಿ ಇಲ್ಲ. ಸಕ್ಕೂಬಾಯಿ ಹಿಂದೆ ತಿರುಗಿ, ಮೊಣಕಾಲು ಸರಿಸಿ, ಜಮಖಾನೆಯ ಮೇಲೆ ಕೈ ತಟ್ಟಿ, "ಮುಂದ ಬರ್ರಿ, ಜಾಗಾ ಅದ" ಅಂದಳು. ಮೊದಲು ಒಬ್ಬಳು ಎದ್ದಳು, ಅವಳ ಬೆನ್ನಿಗೇ ಉಳಿದವರೂ ಎದ್ದರು. ಸೆರಗು ಸುತ್ತಿಕೊಂಡು ಬಂದು ನಮ್ಮವರ ನಡುನಡುವೆ ಸಿಕ್ಕ ಸಿಕ್ಕಲ್ಲಿ ಕೂತರು. ಇಂದೂಬಾಯಿಯ ಮೊಣಕೈಗೆ ಮೊಣಕೈ ತಾಗಿಸಿ ಕೂತವಳು ನಿನ್ನ ಸೋದರತ್ತೆ ಹಣಮಮ್ಮ. ಹೆಸರು ಆಮೇಲೆ ಕೇಳಿ ತಿಳಿದೆ. ಅಷ್ಟು ಹತ್ತಿರದಿಂದ ಅವರ ಮುಖಗಳನ್ನು ನಾನು ಕಂಡದ್ದು ಅದೇ ಮೊದಲು.

ದೇವರು ವರ ಕೇಳು ಅಂದ. ಅಲ್ಲಿಗೆ ಬಂದು ನಿಂತುಬಿಟ್ಟೆ. ಬಾಯಿಪಾಠ ಮಾಡುವಾಗ ಆ ಮಾತನ್ನು ನಾನೇ ಒರೆಸಿ ಹಾಕಿದ್ದೆ, ತಿರುಗಿ ಬಾಯಿಗೆ ಬರಲಿಲ್ಲ. ತಾಳ ಹಾಕಿದೆ, ಮತ್ತೆ ಹಾಕಿದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದಾರೆ. ಆಗ ಹಣಮಮ್ಮ ಕೂತಲ್ಲಿಂದಲೇ ಅಂದಳು: "ನೆರಳಿನಾಗ ಇದ್ದಾಂವಗ ಬಿಸಲು ಏನ್ ತಿಳೀತದೋ ವಿಠ್ಠಲಾ. ನಿನ್ನ ವರಾ ನೀನೇ ಇಟ್ಕೋ. ನಾಳಿ ಮಧ್ಯಾಹ್ನ ಬಂದು ನನ್ನ ಜೋಡಿ ನಿಲ್ಲು, ಆಮ್ಯಾಲ ಕೇಳ್ತೀನಿ."

ಇದು ನನ್ನ ಮಾತಲ್ಲ. ನಾನು ಹೇಳುತ್ತಿದ್ದುದಕ್ಕಿಂತ ಎಷ್ಟೋ ಚೆಂದ. ಅಂಗಳದ ತುಂಬ ಹೆಂಗಸರು ಹೋ ಎಂದು ನಕ್ಕರು, ಸಕ್ಕೂಬಾಯಿ ಕಣ್ಣೊರೆಸಿಕೊಂಡಳು. ನಾನು ತಾಳ ಹಾಕುವುದಷ್ಟೇ ಮಾಡಿದೆ. ನೀನು ಬರೆದಿದ್ದಿ, ಕೇಳುವವರೂ ಕಥೆ ಕಟ್ಟುತ್ತಾರೆ ಎಂದು. ಓದಿದಾಗ ತಿಳಿದಿರಲಿಲ್ಲ, ಮಗಳೇ. ಎಂಥ ದೊಡ್ಡ ವಿದ್ಯೆ ಕಲಿಯುತ್ತಿದ್ದೀ ನೀನು!

ಕಲ್ಯಾಣಪ್ಪ ಆರತಿಯ ತಟ್ಟೆ ಹಿಡಿದು ಗರ್ಭಗುಡಿಯ ಬಾಗಿಲಲ್ಲೇ ನಿಂತಿದ್ದ. ಮುಂದಿನದು ಕಮಿಟಿಯಲ್ಲಿ ಮಾತಾಡಿ ಹೇಳುತ್ತೇನೆ ಎಂದು ಹೋಗಿದ್ದಾನೆ.

ಜಯತೀರ್ಥ


ಕಲಬುರಗಿ
೧೩ ನವೆಂಬರ್ ೧೯೯೫

ಪೂಜ್ಯ ಬುವಾ,

ತಮ್ಮ ಪತ್ರವನ್ನು ಜುಬೇದಾ, ನಾನು ಸೇರಿ ಎಷ್ಟು ಸಲ ಓದಿದೆವೋ. ಅವಳು ಹಣಮಮ್ಮತ್ತೆಯ ಮಾತನ್ನು ತನ್ನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಿದ್ದಾಳೆ.

ನನ್ನ ಮಂಡನೆ ಆಯಿತು. ಹೊರಗಿನ ಊರಿನಿಂದ ಬಂದ ಪರೀಕ್ಷಕರು, ಎರಡರಲ್ಲಿ ಮೂಲ ಯಾವುದು, ಅನುವಾದ ಯಾವುದು ಎಂದು ಕೇಳಿದರು. ಎರಡೂ ಮೂಲವೇ, ಏಕೆಂದರೆ ಕೇಳುವ ವರ್ಗಗಳು ಎರಡು ಎಂದು ಅಚ್ಚುಕಟ್ಟಾಗಿ ಉತ್ತರ ಕೊಟ್ಟೆ. ಅವರು ಮೆಚ್ಚಿದರು, ಅಧ್ಯಾಯಕ್ಕೆ ಒಪ್ಪಿಗೆ ಸಿಕ್ಕಿತು. ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ. ಅದಾಗಿ ನಾಲ್ಕು ದಿನಕ್ಕೆ ತಮ್ಮ ಪತ್ರ ಬಂತು.

ಬುವಾ, ನಾನು ಹಿಂದೆ ಕೂತು ಬೆಳೆದವಳು, ಆದರೂ ಹಿಂದಿನವರನ್ನು ಹಿಂದೆಯೇ ಕೂರಿಸಿ ಅಧ್ಯಾಯ ಬರೆದಿದ್ದೆ. ಸಕ್ಕೂಬಾಯಿ ಅಜ್ಜಿ ಯಾಕೆ ಎರಡನೆಯ ಕಥೆ ಮುಗಿಯುವ ತನಕ ಕೂಡುತ್ತಾಳೆ ಎಂದು ನನಗೆ ಅನಿಸಲೇ ಇಲ್ಲ. ನಮ್ಮ ಅತ್ತೆ ಮರಾಠಿ ಕಥೆಗೂ ಮೊದಲೇ ಬಂದು ಜಾಗ ಹಿಡಿಯುತ್ತಿದ್ದಳು, ಅದನ್ನು ಕಣ್ಣಾರೆ ಕಂಡೂ ಮರೆತೆ. ಅವಳನ್ನು ಕೇಳಿದರೆ, "ಮದಲ ಆಕಿ ಸುಮ್ಮನಿರೂದು ಕೇಳಬೇಕಲ್ಲ, ಇಲ್ಲಾಂದ್ರ ಬೈಯ್ಯೂದು ಹ್ಯಾಂಗ ಹಿಡಸ್ತದ?" ಅಂದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಕಮಲಾಪುರದ ಅಂಗಳದಲ್ಲಿ ಪ್ರತಿ ಏಕಾದಶಿ ನಡೆಯುತ್ತಿತ್ತು. ಆ ಹೆಂಗಸರನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ.

ಒಪ್ಪಿಗೆಯಾದ ಅಧ್ಯಾಯವನ್ನು ವಾಪಸ್ ತೆಗೆದುಕೊಂಡು ಹೊಸದಾಗಿ ಬರೆಯುತ್ತೇನೆ ಎಂದು ಸರ್ ಹತ್ತಿರ ಹೋದೆ. ಒಂದು ವರ್ಷ ಹಿಂದೆ ಬೀಳುತ್ತೀ ಎಂದು ಹೆದರಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, "ಪಾಸಾದದ್ದನ್ನ ಹರಿಯೋ ಹುಚ್ಚಿಯನ್ನ ಇವತ್ತೇ ನೋಡಿದೆ. ಬರಿ, ಬೇಟಾ" ಎಂದರು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಕಮಿಟಿಯಲ್ಲಿ ಏನಾಯಿತು? ಬೇಗ ಬರೆಯಿರಿ. ನನಗೆ ಓದಿನ ಮೇಲೆ ಮನಸ್ಸು ನಿಲ್ಲುತ್ತಿಲ್ಲ.

ತಮ್ಮ ಮಗಳು,
ಸಾವಿತ್ರಿ


ಕಮಲಾಪುರ
೨೬ ನವೆಂಬರ್ ೧೯೯೫

ಮಗಳೇ ಸಾವಿತ್ರಿ,

ಹುಚ್ಚಿ ಎಂದು ನಿನ್ನ ಸರ್ ಅಂದದ್ದು ಸರಿಯಾಗಿದೆ. ಅಂಥ ಹುಚ್ಚು ಎಲ್ಲರಿಗೂ ಹಿಡಿಯುವುದಿಲ್ಲ, ಇಂದೂಬಾಯಿ ನಿನಗೆ ದೃಷ್ಟಿ ತೆಗೆಯಬೇಕು ಎನ್ನುತ್ತಿದ್ದಾಳೆ.

ಕಮಿಟಿ ಕೂತಿತ್ತು. ಕಲ್ಯಾಣಪ್ಪನೇ ಎದ್ದು, ಕಥೆ ಎರಡೂ ಆಗಲಿ, ಮುಗಿದಾಗ ಮುಗಿಯಲಿ ಎಂದ. ಆ ಸಂಜೆ ತಟ್ಟೆ ಹಿಡಿದು ನಿಂತವನು ತಾನೂ ಪೂರ್ತಿ ಕೇಳಿದ್ದನಂತೆ. ಬರೀ ಮಾತಾಡಿ ಬಿಡುವವನಲ್ಲ ಅವನು. ಸ್ವಂತ ಖರ್ಚಿನಿಂದ ಕಲಬುರಗಿಯಿಂದ ಹೊಸ ಮೈಕ್ ತಂದ. ಜೊತೆಗೆ ಒಂದು ದೊಡ್ಡ ಕರ್ಣ, ಅಂದರೆ ಲೌಡ್ ಸ್ಪೀಕರ್, ಅಂಗಳದ ಹಿಂದಿನ ಗೋಡೆಗೆ ಕಟ್ಟಿಸಲು. ಹಿಂದೆ ಕೂತ ಹೆಣ್ಣುಮಕ್ಕಳಿಗೆ ಕೂತಲ್ಲೇ ಸ್ವಚ್ಛವಾಗಿ ಕೇಳಿಸಲಿ, ಯಾರೂ ಎದ್ದು ಬರುವ ತ್ರಾಸು ಬೇಡ ಎಂದು. ಮನಸ್ಸಿನಿಂದ ಮಾಡಿದ ಕೆಲಸ, ನಾನೂ ಭೇಷ್ ಅಂದೆ.

ನಿನ್ನೆ ಮುಂಜಾನೆ ಅದನ್ನು ಕಟ್ಟಿಸುತ್ತಿದ್ದಾಗ ಹಣಮಮ್ಮ ನಾಲ್ಕೈದು ಮಂದಿಯನ್ನು ಕರೆದುಕೊಂಡು ಗುಡಿಗೆ ಬಂದಳು. ಹೊಲಕ್ಕೆ ಹೊರಟವರು, ಕೈಯಲ್ಲಿ ಬುತ್ತಿ ಗಂಟು. ಕರ್ಣವನ್ನು ನೋಡಿ, "ಸಾವಕಾರ್ರ, ಮರಾಠಿ ಕಥಿಗಿ ಹಚ್ಚಿಕೋರಿ. ಎರಡನೇ ಕಥಿಗಿ ಮೈಕ್ ಹಚ್ಚಬ್ಯಾಡ್ರಿ" ಎಂದಳು.

ಕಲ್ಯಾಣಪ್ಪನಿಗೆ ತಿಳಿಯಲಿಲ್ಲ. "ಯಾಕವಾ? ಮೈಕ್ ಇಲ್ಲಂದ್ರ ನಿಮಗ ಹಿಂದ ಕೇಳಸಂಗಿಲ್ಲಲ್ಲ?"

"ಅದಕ್ಕs ರೀ," ಎಂದಳು ಹಣಮಮ್ಮ. "ಕೇಳಸಲಿಲ್ಲಂದ್ರ ಮುಂದ ಬಂದು ಕುಂಡ್ರತೇವಿ."

ಕಲ್ಯಾಣಪ್ಪ ನನ್ನ ಮುಖ ನೋಡಿದ. ತಲೆ ಕೆರೆದುಕೊಂಡು ಏಣಿಯ ಮೇಲಿದ್ದವನಿಗೆ ಕೆಳಗೆ ಇಳಿ ಎಂದ. ಕರ್ಣ ಈಗ ಅವನ ಅಂಗಡಿಯಲ್ಲಿದೆ.

ಬರುವ ಏಕಾದಶಿಗೆ ನೀನು ಬರಬೇಕು. ಮಧ್ಯಾಹ್ನದ ಬಸ್ಸಿಗೇ ಹೊರಡು, ತಡ ಮಾಡಬೇಡ. ಜಮಖಾನೆ ಸಣ್ಣದು, ಮುಂದೆ ಜಾಗ ಸಿಗುವುದು ಕಷ್ಟ.

ಜಯತೀರ್ಥ